ಕಂಪ್ಯೂಟರ್ ಬಚ್ಚಿಟ್ಟ ಬೀಗರ ಪದ

ದಾವಣಗೆರೆಯಲ್ಲಿ ರೆಕಾರ್ಡಿಂಗ್ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಮೈಕಿನ ಮುಂದೆ ಕೂತ ಕೂಡಲೇ ಜನ ಏನಾದರೊಂದು ಮಾಡೇ ಮಾಡುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಂಪ್ಯೂಟರ್ ತಂದ ಮೇಲಂತೂ ಕೇಳುವುದೇ ಬೇಡ. ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವವನು ಊರಿಗೆಲ್ಲ ನಾನೊಬ್ಬನೇ ಎಂಬ ಜಂಬ ಇತ್ತು. ಜೊತೆಗೊಂದು ಯುಪಿಎಸ್ ಕೂಡ ಇತ್ತು. ಅದು ಕರೆಂಟಿಗಿಂತ ಮೊದಲೇ ಹೋಗುತ್ತಿತ್ತು.

೧. ಸ್ಟೂಲು

ಆಟೋಕ್ಕೆ ಮೈಕ್ ಕಟ್ಟಿಕೊಂಡು ನಾಟಕ ಕಂಪನಿಯ ಪ್ರಚಾರ ಮಾಡುವವರೊಬ್ಬರು ಬಂದರು. ದಿನಾ ಗಂಟಲು ಹರಿದುಕೊಳ್ಳುವ ಬದಲು ಕ್ಯಾಸೆಟ್ ಮಾಡಿಸಿಬಿಡೋಣ ಎಂಬುದು ಅವರ ಯೋಚನೆ. ಸ್ಟೂಲಿನ ಮೇಲೆ ಕೂರಿಸಿದೆ. ಬಾಯಿಂದ ಒಂದು ಮಾತೂ ಹೊರಡಲಿಲ್ಲ.

"ಏನಾತ್ರಿ?"

"ಏನೂ ಅಲ್ಲಾಡ್ತಿಲ್ಲಲ್ರಿ. ಆಟೋ ಕುಲುಕಿದ್ರೆ ಮಾತು ತಾವೇ ಬರ್ತಾವು."

ನಾನೇ ಸ್ಟೂಲಿನ ಕಾಲು ಹಿಡಿದು ಕುಲುಕಿದೆ. "ಮಹಾಜನಗಳೇ..." ಎಂದು ಹೊರಟವರು ಎಲ್ಲಿಯೂ ನಿಲ್ಲಲಿಲ್ಲ. ಇನ್ನೇನು ಮುಗಿಯಬೇಕು, ಕರೆಂಟ್ ಹೋಯಿತು. ರೆಕಾರ್ಡ್ ಆಗಿದ್ದೆಲ್ಲಾ ಹೋಯ್ತು ಯಜಮಾನ್ರೆ ಎಂದೆ. ಅವರಿಗೇನೂ ಬೇಜಾರಿಲ್ಲ.

"ಹೋದ್ರೆ ಹೋಗ್ಲಿ ಬಿಡ್ರಿ. ಕರೆಂಟ್ ಬಂದ ಮ್ಯಾಲೆ ನೀವು ಸ್ಟೂಲ್ ಅಲ್ಲಾಡಿಸ್ರಿ, ಸಾಕು."

೨. ಚಕ್ಕುಲಿ ಡಬ್ಬಿ

ಎಲ್ಲರೂ ಹೀಗಿರುವುದಿಲ್ಲ. ಹರಿಹರದ ಒಬ್ಬ ಅಜ್ಜಿ ಬೀಗರ ಪದಕ್ಕೆ ಹೆಸರಾದವರು. ಮದುವೆಯಲ್ಲಿ ಗಂಡಿನ ಕಡೆಯವರನ್ನು ಛೇಡಿಸುವ ಹಾಡನ್ನು ಅವರು ಕೂತಲ್ಲೇ ಕಟ್ಟಿ ಹಾಡುತ್ತಿದ್ದರು. ಮರುದಿನ ಸ್ವಂತ ಮೊಮ್ಮಗಳ ಮದುವೆ. ಅಜ್ಜಿ ನನ್ನ ಅಂಗಡಿಗೆ ಬಂದರು.

"ಎಲ್ಲಾರ ಮದುವೀಲೂ ನಾನು ಹಾಡ್ಕಂತ ಕುಂತೀನಿ, ಊಟಕ್ಕೇಳೋದ್ರಾಗೆ ಹೋಳಿಗೆ ಆರಿರ್ತಾವು. ಈ ಸಲ ಕ್ಯಾಸೆಟ್ ಹಾಡ್ಲಿ, ನಾನು ಮೊದಲ್ನೇ ಪಂಕ್ತೀಲಿ ಕುಂದ್ರುತೀನಿ."

ಹಾಡಿದರು ನೋಡಿ! ಬೀಗಿತ್ತಿ ನಡೆದರೆ ಬಾತಿ ಗುಡ್ಡ ನಡುಗಿತು, ಬೀಗಿತ್ತಿ ಉಣ್ಣಲು ಕೂತರೆ ಕೊಪ್ಪರಿಗೆ ಬರಿದಾಯಿತು. ಹಾಡು ಮುಗಿದ ಮೇಲೆ ನೀರು ಕುಡಿದು, ನನ್ನ ಕಡೆ ಬಾಗಿ, ಬೀಗಿತ್ತಿಯ ಬಗ್ಗೆ ಒಂದು ಗುಟ್ಟನ್ನೂ ಹೇಳಿದರು. ನಗುತ್ತಾ ಹಾಡನ್ನು ಸೇವ್ ಮಾಡಲು ಮೌಸಿಗೆ ಕೈ ಹಾಕಿದೆ. ಕರೆಂಟ್ ಹೋಯಿತು.

"ಅಜ್ಜಿ, ಇನ್ನೊಂದ್ಸಲ ಹಾಡ್ರಿ," ಎಂದೆ, ಮೆತ್ತಗೆ.

"ಒಂದ್ಸಲ ಬೈದ್ರೆ ಅದು ಪದ. ಅದನ್ನೇ ಎರಡನೇ ಸಲ ಬೈದ್ರೆ ಜಗಳ. ನಾನು ಹಾಡಂಗಿಲ್ಲ."

ಅಜ್ಜಿಯ ಕಣ್ಣಲ್ಲಿ ನೀರಾಡಿತು. ಬಿಸಿ ಹೋಳಿಗೆ ಕೈ ತಪ್ಪಿತ್ತು.

ಕರೆಂಟ್ ಬಂತು. ಕಂಪ್ಯೂಟರ್ ಮಾರಿದವನು ಹೇಳಿದ್ದ ಒಂದು ಮಾತು ಆಗ ನೆನಪಾಯಿತು. ರೆಕಾರ್ಡ್ ಆಗುವಾಗ ದನಿಯೆಲ್ಲ ಮೊದಲು ಒಂದು ತಾತ್ಕಾಲಿಕ ಫೈಲಿಗೆ ಹೋಗುತ್ತದಂತೆ. ಅಂಥ ಫೈಲುಗಳನ್ನು ಕಂಪ್ಯೂಟರ್ ಕಣ್ಣಿಗೆ ಕಾಣದಂತೆ ಇಟ್ಟಿರುತ್ತದಂತೆ. ಅದನ್ನೇ ಅಜ್ಜಿಗೆ ಹೇಳಿದೆ.

"ನನ್ನ ಸೊಸೆ ಚಕ್ಕುಲಿ ಡಬ್ಬಿ ಇಟ್ಟಂಗೆ ಅನ್ನು! ಹಿಟ್ಟಿನ ಡಬ್ಬಿ ಹಿಂದೆ ನೋಡು ತಮ್ಮಾ."

ಮುಚ್ಚಿಟ್ಟ ಫೈಲುಗಳನ್ನೂ ತೋರಿಸು ಎಂದು ಕಂಪ್ಯೂಟರಿಗೆ ಆಜ್ಞೆ ಕೊಟ್ಟೆ. ವಿಚಿತ್ರ ಹೆಸರಿನ ಫೈಲುಗಳು ಸಾಲಾಗಿ ಬಂದು ನಿಂತವು. ಎಲ್ಲಾ ಸಣ್ಣವು, ಎರಡು ಮಾತ್ರ ಭಾರಿ ದೊಡ್ಡವು. ಮೊದಲನೆಯದರ ಹೆಸರು ಬದಲಿಸಿ ಹಾಡಿನ ಫೈಲು ಮಾಡಿ ಒತ್ತಿದೆ. "ಮಹಾಜನಗಳೇ!" ಎಂಬ ಗಂಡು ದನಿ ಗರ್ಜಿಸಿತು, ಹಿಂದೆ ಸ್ಟೂಲಿನ ಕಟಕಟ.

ಅಜ್ಜಿ ಗಾಬರಿಯಾದರು. "ಯಪ್ಪಾ, ನನ್ನ ದನಿ ಯಾಕ ಹಿಂಗಾಗೈತೆ!"

ಎರಡನೆಯದನ್ನು ಒತ್ತಿದೆ. ಬಾತಿ ಗುಡ್ಡ ನಡುಗಿತು! ನಾನು ಕುರ್ಚಿ ಬಿಟ್ಟು ಕುಣಿದೆ, ಅಜ್ಜಿ ನನ್ನ ಕೆನ್ನೆ ಹಿಂಡಿದರು. ಕ್ಯಾಸೆಟ್ಟಿಗೆ ತುಂಬಲು ಹಚ್ಚಿ, ಗೆದ್ದ ಖುಷಿಗೆ ಇಬ್ಬರೂ ಬೆಣ್ಣೆ ದೋಸೆ ತಿನ್ನಲು ಹೋದೆವು.

೩. ಎರಡೂ ಕಡೆ

ಮದುವೆಗೆ ನನ್ನನ್ನೂ ಕರೆದಿದ್ದರು. ಕ್ಯಾಸೆಟ್ ಹಾಕಿದ್ದೂ ನಾನೇ. ಅಜ್ಜಿ ಮೊದಲನೇ ಪಂಕ್ತಿಯಲ್ಲಿ ಬಿಸಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಸ್ಪೀಕರಿನಲ್ಲಿ ಪದ ಹೊರಟಿತು. ಗಂಡಿನ ಕಡೆಯವರೇ ಬಿದ್ದು ಬಿದ್ದು ನಕ್ಕರು. ಹಾಡು ಮುಗಿಯಿತು. ಆಮೇಲೆ ನೀರು ಕುಡಿದ ಸದ್ದು. ತಕ್ಷಣ ನನಗೆ ಹೊಳೆಯಿತು. ನಾವು ದೋಸೆ ತಿನ್ನುವಾಗ ಕ್ಯಾಸೆಟ್ಟಿಗೆ ಆ ಗುಟ್ಟೂ ತುಂಬಿಕೊಂಡಿತ್ತು. ನಾನು ಓಡಿ ಮುಟ್ಟುವಷ್ಟರಲ್ಲಿ ಅಜ್ಜಿಯ ದನಿ ಛತ್ರದ ತುಂಬ ಕೇಳಿಸಿತು:

"ನಿಜ ಹೇಳ್ತೀನಿ ತಮ್ಮಾ, ಬೀಗಿತ್ತಿ ಬಂಗಾರದಂಥಾಕಿ. ಯಾರಿಗೂ ಹೇಳಬ್ಯಾಡ, ತಲಿ ಮ್ಯಾಲೆ ಕುಂದ್ರುತಾಳೆ."

ಛತ್ರವೇ ಹೋ ಎಂದಿತು. ಅಜ್ಜಿ ತುತ್ತು ಹಿಡಿದ ಕೈಯಲ್ಲೇ ನನ್ನನ್ನು ಗದರಿದರು.

"ಲೋ, ಕಂಪ್ಯೂಟರ್ ಬಚ್ಚಿಟ್ಟಿದ್ದು ಹುಡುಕು ಅಂದ್ರೆ, ನಾನು ಬಚ್ಚಿಟ್ಟಿದ್ದೂ ಹುಡುಕಿದೆಲ್ಲೋ!"

ವಾರ ಕಳೆಯುವುದರೊಳಗೆ ಆ ಬೀಗಿತ್ತಿಯೇ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಹೊಸ ಖಾಲಿ ಕ್ಯಾಸೆಟ್.

"ಪದ ಬ್ಯಾಡ್ರಿ," ಎಂದರು. "ಆ ಕೊನೇ ಮಾತು ಐತಲ್ರಿ, ಅದೊಂದನ್ನೇ ಮತ್ತೆ ಮತ್ತೆ ಬರಂಗೆ ಎರಡೂ ಕಡೆ ತುಂಬಿ ಕೊಡ್ರಿ."