ಎರಡು ಸ್ವಿಚ್ಚು, ಒಂದು ಬಲ್ಬು

ಅನಾಹುತಕ್ಕೆ ಮೂಲವಾದದ್ದು ಒಂದು ಛತ್ರಿಕಡ್ಡಿ. ತಪಾಸಣೆಯ ದಿನ ಬೆಳಿಗ್ಗೆಯೇ ಅದು ಹೆಡ್‌ಮಾಸ್ಟರ್ ಜಯರಾಮಪ್ಪನವರ ಹೊಸ ಪ್ಯಾಂಟಿಗೆ ಸಿಕ್ಕಿಕೊಂಡು, ಮೊಣಕಾಲಿನಿಂದ ಕೆಳಗೆ ಪರ್ರೆಂದು ಹರಿದುಹಾಕಿತು.

ಕಡ್ಡಿ ವಿಜ್ಞಾನದ ಮೇಷ್ಟ್ರು ಕೆಂಪರಾಜುವಿನದು. ಮಂಡಿಕಲ್ ಹೋಬಳಿಯ ಆ ಸರ್ಕಾರಿ ಪ್ರೌಢಶಾಲೆಗೆ ಐದು ಕಂಪ್ಯೂಟರ್ ಬಂದು ಎರಡು ವರ್ಷವಾಗಿತ್ತು. ಕೆಟ್ಟರೆ ಯಾರು ಹೊಣೆ ಎಂದು ಜಯರಾಮಪ್ಪ ಅವಕ್ಕೆ ಹೂವಿನ ಚಿತ್ತಾರದ ಹೊದಿಕೆ ಹೊದಿಸಿ, ಬಾಣಂತಿಯರ ಹಾಗೆ ಕತ್ತಲೆ ಕೋಣೆಯಲ್ಲಿ ಇಟ್ಟಿದ್ದರು. ಕೇಳಿ ಕೇಳಿ ಸೋತ ಕೆಂಪರಾಜು ಸೌದೆ ಕೊಠಡಿಯನ್ನು ಗುಡಿಸಿ, ಸತ್ತ ರೇಡಿಯೊ, ಟಾರ್ಚಿನ ಬಲ್ಬು, ಮುರಿದ ಛತ್ರಿಗಳನ್ನು ಗುಡ್ಡೆ ಹಾಕಿಕೊಂಡು, ಕಂಪ್ಯೂಟರಿನ ಬುದ್ಧಿಯನ್ನು ಮಕ್ಕಳ ಕೈಯಲ್ಲೇ ಮಾಡಿಸಿ ತೋರಿಸುತ್ತಿದ್ದ.

"ಇದೇನ್ರೀ, ಸ್ಕೂಲಾ, ಗುಜರಿ ಅಂಗಡಿನಾ? ನಲ್ಲಪ್ಪ, ಎಲ್ಲಾ ಮೂಟೆ ಕಟ್ಟಿ ಆಚೆಗೆ ಬಿಸಾಕಪ್ಪ!" ಎಂದು ಜಯರಾಮಪ್ಪ ಜವಾನನನ್ನು ಕೂಗಿದರು.

"ಸಾರ್, ಇದೆಲ್ಲ ಪಠ್ಯದಲ್ಲಿರೋದೇ..."

"ಪಠ್ಯ ಪುಸ್ತಕದಲ್ಲಿರ್ಲಿ. ಇವತ್ತು ಸಾಹೇಬ್ರು ಮೆಚ್ಕೊಂಡು ಹೋದ್ರೆ ಸೋಮವಾರದಿಂದ ಮಕ್ಕಳಿಗೆ ಕಂಪ್ಯೂಟರ್ ಮುಟ್ಟಕ್ಕೆ ಬಿಡ್ತೀನಿ. ಈಗ ಒಂದು ಪಿನ್ನು ಹುಡುಕಿ."

ಕೆಂಪರಾಜು ಮಂಡಿಯೂರಿ ಪ್ಯಾಂಟಿಗೆ ಪಿನ್ನು ಹಾಕುತ್ತಿರುವಾಗಲೇ ಜೀಪು ಬಂತು. ಇಳಿದ ಪರಿವೀಕ್ಷಕ ಚೆನ್ನರಾಯಪ್ಪನವರಿಗೆ ಕನ್ನಡದ ಮೇಡಂ ಆದಿಲಕ್ಷ್ಮಮ್ಮ ತಾವಾಗಿಯೇ ವಿವರಿಸಿದರು: "ಏನೋ ತಪ್ಪು ಮಾಡವ್ರೆ ಸಾರ್. ಪಾಪ, ಕಾಲಿಗೆ ಬಿದ್ದವ್ರೆ."

ಚೆನ್ನರಾಯಪ್ಪ ನೇರ ಕಂಪ್ಯೂಟರಿನ ಕೋಣೆಗೆ ಹೋಗಿ ಒಂದರ ಸ್ವಿಚ್ಚು ಒತ್ತಿದರು. ಕರೆಂಟಿಲ್ಲ. ಅಲ್ಲಿ ಸಾಲಾಗಿ ನಿಲ್ಲಿಸಿದ್ದ ಒಂಬತ್ತನೇ ತರಗತಿಯ ಮಕ್ಕಳ ಕಡೆ ತಿರುಗಿದರು. "ಇದನ್ನ ಯಾವತ್ತಾದ್ರೂ ಮುಟ್ಟಿದೀರೇನ್ರಪ್ಪ?"

"ಹೊದಿಕೆ ಮುಟ್ಟಿದೀವಿ ಸಾರ್, ಒಗೆಯಕ್ಕೆ," ಎಂದಳು ರೂಪ.

ಜಯರಾಮಪ್ಪನವರ ಪಿನ್ನು ಬಿಚ್ಚಿಕೊಂಡಿತು.

"ಹಂಗಾದ್ರೆ ಕಂಪ್ಯೂಟರ್ ಹೆಂಗೆ ಲೆಕ್ಕ ಹಾಕುತ್ತೆ ಅನ್ನೋದೂ ಗೊತ್ತಿಲ್ಲ?" ಎಂದರು ಚೆನ್ನರಾಯಪ್ಪ.

ರೂಪ ಹೊರಗೆ ಓಡಿ, ನಲ್ಲಪ್ಪನ ಮೂಟೆಯನ್ನು ದರದರನೆ ಎಳೆದು ತಂದಳು. ಬ್ಯಾಟರಿಗೆ ತಂತಿ ಸುತ್ತಿ, ಛತ್ರಿಕಡ್ಡಿಯ ಎರಡು ಸ್ವಿಚ್ಚುಗಳನ್ನು ಒಂದು ಬಲ್ಬಿಗೆ ಜೋಡಿಸಿ ನೆಲದ ಮೇಲೆ ಹೂಡಿದಳು. "ಕಂಪ್ಯೂಟರ್‌ಗೆ ಹೂಂ, ಊಹೂಂ ಎರಡೇ ಗೊತ್ತಿರೋದು ಸಾರ್, ಅದ್ರಲ್ಲೇ ಎಲ್ಲಾ ಲೆಕ್ಕ. ಇದು ಅಪ್ಪ, ಇದು ಅಮ್ಮ. ಇಬ್ರೂ ಹೂಂ ಅಂದ್ರೇನೆ ನಾನು ಹತ್ತನೇ ಕ್ಲಾಸಿಗೆ ಬರೋದು." ಎರಡನ್ನೂ ಒತ್ತಿದಳು. ಬಲ್ಬು ಹತ್ತಿತು. ಒಂದರಿಂದ ಕೈ ತೆಗೆದಳು. "ಅಪ್ಪ ಬೇಡ ಅಂದವ್ರೆ." ಬಲ್ಬು ಆರಿತು.

ಚೆನ್ನರಾಯಪ್ಪ ಕನ್ನಡಕ ಒರೆಸಿಕೊಂಡು ಪಠ್ಯಪುಸ್ತಕ ತರಿಸಿದರು. ಒಂದೊಂದೇ ಅಂಶವನ್ನು ಕೇಳುತ್ತಾ ಹೋದರು. ಮಕ್ಕಳು ಮೂಟೆಯಿಂದ ಒಂದೊಂದೇ ಸಾಮಾನು ತೆಗೆದು ಉತ್ತರ ಹೇಳಿದರು. ವಿದ್ಯುತ್ತಿನ ಪಾಠ ಮುಗಿಯಿತು, ಕಂಪ್ಯೂಟರಿನ ಪಾಠವೂ ಮುಗಿಯಿತು. ಸಾಹೇಬರು ಕೆಂಪರಾಜುವಿನ ಬೆನ್ನು ತಟ್ಟಿದಾಗ, ಅವನಿಗೆ ಸೋಮವಾರ ಕಣ್ಣೆದುರೇ ಬಂದಂತಾಯಿತು.

ಆಮೇಲೆ ಅವರು ತಪಾಸಣೆ ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿದರು: "ಇಲ್ಲಿನ ಮಕ್ಕಳು ಯಂತ್ರದ ನೆರವಿಲ್ಲದೆಯೇ ಪಠ್ಯದ ಗುರಿಗಳನ್ನೆಲ್ಲ ಮುಟ್ಟಿದ್ದಾರೆ. ಅತ್ಯಂತ ಶ್ಲಾಘನೀಯ. ಆದುದರಿಂದ ಐದೂ ಕಂಪ್ಯೂಟರುಗಳನ್ನು, ಮಕ್ಕಳಿಗೆ ಏನೂ ಬಾರದ ಬೇರೊಂದು ಶಾಲೆಗೆ ಕೂಡಲೇ ವರ್ಗಾಯಿಸತಕ್ಕದ್ದು."

"ಸಾರ್, ನಮ್ ಮಕ್ಕಳೂ..." ಎಂದ ಕೆಂಪರಾಜು.

"ನಿಮ್ಮಂಥೋರು ಇರೋವಾಗ ಇವ್ರಿಗ್ಯಾಕ್ರೀ ಕಂಪ್ಯೂಟರ್?" ಎಂದು ಸಾಹೇಬರು ಕೈ ಕುಲುಕಿದರು.

"ಸದ್ಯ, ಪೀಡೆ ತೊಲಗ್ತು," ಎಂದು ಜಯರಾಮಪ್ಪ ತಾವೇ ಫೋನು ಮಾಡಿ ಟೆಂಪೊ ಕರೆಸಿದರು. ಕೊನೆಯ ಪೆಟ್ಟಿಗೆಯ ಒಂದು ತುದಿಯನ್ನು ಕೆಂಪರಾಜು ಹಿಡಿದಿದ್ದ, ಇನ್ನೊಂದನ್ನು ರೂಪ.

"ಸಾರ್," ಎಂದಳು ಅವಳು, "ನಾವು ಗೊತ್ತಿಲ್ಲ ಅಂದಿದ್ರೆ ಇವು ಉಳೀತಿದ್ವಾ?"

"ಹುಷಾರಮ್ಮ, ಎತ್ತು," ಎಂದ ಕೆಂಪರಾಜು.