ಕುಂದಾ ಡಬ್ಬಿಯಲ್ಲಿ ಖಾನಾಪುರಕ್ಕೆ ಹೋದ ತಮ್ಮ ಒಳಾಂಗಗಳ ಕುರಿತು

ಇವರಿಗೆ,
ನಾಲ್ಕು ತಂತಿಗಳ, ಜೇನುಬಣ್ಣದ, ಹಿರಿಯ ಬಾಸ್ ಗಿಟಾರ್ ಅವರು.
ಕಾಯಂ ವಿಳಾಸ: ಕೃಷ್ಣಾಜಿ ಕಾಕಾ ಅವರ ಮನೆ, ಖಾನಾಪುರ.
ಸದ್ಯದ ಮುಕ್ಕಾಂ: ನಮ್ಮ ಬಟ್ಟೆ ಕಪಾಟಿನ ಬಾಜು, ಶಹಾಪುರ, ಬೆಳಗಾವಿ.

೯ ಸೆಪ್ಟೆಂಬರ್ ೨೦೦೦

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ತಮ್ಮ ಕುತ್ತಿಗೆ ನೆಟ್ಟಗಿದೆ, ತಂತಿಗಳು ಬಿಗಿಯಾಗಿವೆ, ಹೊಟ್ಟೆಯೊಳಗೆ ಇರುವೆಗಳ ಓಡಾಟ ಕಡಿಮೆಯಾಗಿದೆ ಎಂದು ನಂಬಿ, ಎದುರಿಗೆ ನಿಂತು ಹೇಳುವ ಧೈರ್ಯ ಸಾಲದೆ ಈ ಪತ್ರ ಬರೆಯುತ್ತಿದ್ದೇನೆ. ಬಿ.ಎ.ಯಲ್ಲಿ ಕನ್ನಡ ಓದಿದವಳು ಒಂದು ವಾದ್ಯದ ಮುಂದೆಯೂ ಬಾಯಿ ಬಿಡಲಾರಳೇ ಎಂದು ತಾವು ನಗಬಾರದು. ಆರ್ಕೆಸ್ಟ್ರಾದಲ್ಲಿ ಬಾಸ್ ನುಡಿಸುವವರ ಮುಖವನ್ನು ಯಾರೂ ನೋಡುವುದಿಲ್ಲ ಎಂಬ ಒಂದೇ ಆಕರ್ಷಣೆಯಿಂದ ನಾನು ತಮ್ಮನ್ನು ಹೆಗಲಿಗೆ ಹಾಕಿಕೊಂಡವಳು.

ಜಪಾನಿನಲ್ಲಿ ಹುಟ್ಟಿ, ಪಣಜಿಯಲ್ಲಿ ಬೆಳೆದು, ಖಾನಾಪುರದಲ್ಲಿ ನೆಲೆ ನಿಂತ ತಮ್ಮ ವಂಶಾವಳಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಇಪ್ಪತ್ತೈದು ವರ್ಷ ತಮ್ಮನ್ನು ನುಡಿಸಿದ ಕೃಷ್ಣಾಜಿ ಕಾಕಾ, ಅಂದರೆ ನಮ್ಮ ಅಪ್ಪನ ಗೆಳೆಯರು, ಬೆರಳು ಮಡಚಲು ಬಾರದಂತಾಗಿ ಕಳೆದ ವರ್ಷ ತಮ್ಮನ್ನು ನನ್ನ ಕೈಗೆ ಒಪ್ಪಿಸುವಾಗ ಹಾಕಿದ ಕರಾರು ತಮಗೂ ನೆನಪಿರಬಹುದು. “ಪಮ್ಮಿ, ಹೆಂಗ ಕೊಟ್ಟೇನಿ ಹಂಗ ಇರಬೇಕು. ಒಳಗಿಂದು ಒಂದ್ ವೈರ್ ಆಕಡಿಂದ ಈಕಡಿ ಆತಂದ್ರ, ಅವತ್ತೇ ಬಂದು ಒಯ್ಯಾಂವ ನಾ.” ನಾನು ಎಂದಿನಂತೆ ತಲೆಯಾಡಿಸಿದೆ.

ಇನ್ನು ತಮ್ಮ ಗುಂಯ್‌ಗುಡುವ ಕಲೆಯ ಬಗ್ಗೆ. ನಮ್ಮ ಗೋಡೆಗೆ ಹತ್ತಿಕೊಂಡೇ ಪವರ್‌ಲೂಮ್ ಶೆಡ್ ಇರುವುದು ತಮಗೆ ಗೊತ್ತು. ಅಲ್ಲಿ ಮೋಟಾರು ಶುರುವಾದೊಡನೆ, ಸೀರೆ ನೇಯುತ್ತಿರುವುದು ಮಗ್ಗವೋ ತಾವೋ ತಿಳಿಯದಷ್ಟು ನಿಷ್ಠೆಯಿಂದ ತಾವು ಅದರ ದನಿಯನ್ನು ಸ್ಪೀಕರಿನಲ್ಲಿ ಹೊರಡಿಸುತ್ತಿದ್ದಿರಿ. ಟೋನ್ ನಾಬನ್ನು ಕೊಂಚ ತಿರುಗಿಸಿದರೆ ತಮ್ಮೊಳಗಿಂದ ರೇಡಿಯೊ ಕೇಳಿಸುತ್ತಿತ್ತು. ತಾಲೀಮಿನಲ್ಲಿ ಭಕ್ತಿಗೀತೆಯ ನಡುವೆ ತಾವು ಉಳ್ಳಾಗಡ್ಡಿಯ ಕ್ವಿಂಟಲ್ ದರವನ್ನು ಸ್ವಚ್ಛ ಕನ್ನಡದಲ್ಲಿ ಸಾರಿದಾಗ ತಬಲಾದವರು ಅದನ್ನು ಬರೆದುಕೊಂಡರು. ಆದರೆ ಆರ್ಕೆಸ್ಟ್ರಾದ ಮುಖ್ಯಸ್ಥ ಅಜಿಂಕ್ಯನಿಗೆ ಕೃಷಿಯಲ್ಲಿ ಆಸಕ್ತಿಯಿಲ್ಲ. “ಪ್ರಮಿಳಾ, ಗಣಪತಿ ಏಳನೇ ದಿವಸದ ಪ್ರೋಗ್ರಾಮಿಗೆ ಇದು ಹಿಂಗ ಗುಂಯ್ ಅಂತಂದ್ರ ಬಾಸ್ ನಾ ಕೀಬೋರ್ಡಿನ್ಯಾಗ ಎಡಗೈಲೇ ಬಾರಸ್ತೀನಿ. ನೀ ಆರಾಮ ಮುಂದಿನ ಸಾಲಿನ್ಯಾಗ ಕುಂತು ಕೇಳು,” ಎಂದುಬಿಟ್ಟ. ಮುಂದಿನ ಸಾಲಿನಲ್ಲಿ! ಎಲ್ಲರೂ ನೋಡುವ ಜಾಗದಲ್ಲಿ!

ಹೀಗೆ ಒಂದು ಕಡೆ ಕಾಕಾ, ಇನ್ನೊಂದು ಕಡೆ ಕೀಬೋರ್ಡಿನ ಎಡಗೈ, ನಡುವೆ ತಮ್ಮ ಗುಂಯ್‌ಕಾರ ಇರಲಾಗಿ, ನಾನು ತಮ್ಮನ್ನು ಹಾಸಿಗೆ ಹೊದಿಕೆಯಲ್ಲಿ ಸುತ್ತಿ ರೇಡಿಯೊ ರಿಪೇರಿಯ ಬಂಡೆಪ್ಪನವರ ಅಂಗಡಿಗೆ ಒಯ್ದೆ. ಏನೇ ಮಾಡಿದರೂ ಹತ್ತು ನಿಮಿಷದಲ್ಲಿ ಮತ್ತೆ ಮೊದಲಿನಂತೆ ಮಾಡಲು ಬರಬೇಕು ಎಂಬ ನನ್ನ ಷರತ್ತನ್ನು ಅವರು ಮಂತ್ರದಂತೆ ಪಾಲಿಸಿದ್ದಕ್ಕೆ ತಾವೇ ಸಾಕ್ಷಿ. ತಮಗೆ ಒಂದೇ ಒಂದು ಹೊಸ ತೂತು ಕೊರೆಯಲಿಲ್ಲ. ಯಾವ ವೈರ್ ಎಲ್ಲಿಯದು ಎಂದು ಮಗ್ಗದ ಶೆಡ್ಡಿನಿಂದ ತಂದ ಕೆಂಪು, ಹಸಿರು ದಾರ ಕಟ್ಟಿ ಗುರುತು ಮಾಡಿಯೇ ಬೆಸುಗೆ ಬಿಡಿಸಿದರು. ಎರಡು ವಾಲ್ಯೂಮ್, ಒಂದು ಟೋನ್, ನಡುವೆ ಕಪ್ಪಗೆ ಬೆವರಿದ ಒಂದು ಕಂಡೆನ್ಸರ್, ಇವೆಲ್ಲ ಕೂತಿದ್ದ ಉಕ್ಕಿನ ತಟ್ಟೆಯನ್ನು ಇಡಿಯಾಗಿ ಎತ್ತಿ, ಹೊಸ ಸಾಮಾನಿನ ಹೊಸ ತಟ್ಟೆಯನ್ನು ಹಳೆಯ ಸ್ಕ್ರೂಗಳಿಂದಲೇ ಕೂರಿಸಿದರು. ಮಗ್ಗದ ದನಿ ಒಳಗೆ ಬಾರದಿರಲೆಂದು ತಮ್ಮ ಹೊಟ್ಟೆಗೆ ಚಹಾ ಪೆಟ್ಟಿಗೆಯ ಬೇಗಡೆಯನ್ನು ಅಂಟಿಸಿದ್ದೂ ಮೈದಾ ಹಿಟ್ಟಿನ ಅಂಟಿನಿಂದ. ಬೇಡವೆಂದಾಗ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಇರುವೆಗಳಿಗೂ ಅದು ಇಷ್ಟವಾಗುತ್ತದೆಂದು ನಮಗೆ ಆಮೇಲೆ ತಿಳಿಯಿತು, ಕ್ಷಮೆಯಿರಲಿ.

ತಟ್ಟೆ ಎತ್ತಿದಾಗ ಬಂಡೆಪ್ಪನವರು, “ಅಕ್ಕಾರ, ಇವು ನಮ್ಮ ರೇಡಿಯೊ ಸಾಮಾನ ಇದ್ದಂಗ ಅದಾವಲ್ರಿ!” ಎಂದರು. ಹಿರಿಯ ವಾದ್ಯವೊಂದರ ಮೂಲ ಅಂಗಗಳ ಬಗ್ಗೆ ಹೀಗೆ ಹಗುರವಾಗಿ ಮಾತಾಡಬಾರದೆಂದು, ಜನ್ಮದಲ್ಲಿ ಯಾರಿಗೂ ಎದುರಾಡದ ನಾನು ಅವರಿಗೆ ಕಾಲು ತಾಸು ಉಪನ್ಯಾಸ ಕೊಟ್ಟೆ. ಆಗ ತಾವು ಅಲ್ಲೇ ಮೇಜಿನ ಮೇಲೆ ಅಂಗಾತ ಮಲಗಿದ್ದಿರಿ. ಒಂದು ಮಾತು ಆಡಲಿಲ್ಲ. ಇದು ನನ್ನ ಮೊದಲನೆಯ ದೂರು.

ಆ ಪವಿತ್ರ ತಟ್ಟೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಅರ್ಧ ಕಿಲೋ ಕುಂದಾ ಸಿಹಿಯ ಖಾಲಿ ಡಬ್ಬಿಯಲ್ಲಿಟ್ಟು, ದಾರ ಕಟ್ಟಿ, ಅಡುಗೆಮನೆಯ ಗೋಡೆಯ ಫಳಿ ಹಲಗೆಯ ಮೇಲೆ ಇಟ್ಟವಳು ನಾನೇ. ಬೆಳಗಾವಿಯಲ್ಲಿ ಹುಟ್ಟಿ ಬೆಳೆದವಳು ಮಾಡುವ ಕೆಲಸವಲ್ಲ ಇದು. ಈ ಊರಿನಲ್ಲಿ ದಾರ ಬಿಚ್ಚದ ಕುಂದಾ ಡಬ್ಬಿ ಮನೆಯವರಿಗೆ ಸೇರಿದ್ದಲ್ಲ, ಮುಂದೆ ಯಾರ ಮನೆಗೆ ಹೋಗುತ್ತೇವೋ ಅವರದ್ದು. ಹಾಗಾಗಿ ಗಣಪತಿಯ ಎರಡನೇ ದಿನ, ತೂಕವೂ ಸರಿಯಾಗಿದ್ದ ಆ ಡಬ್ಬಿಯನ್ನು ನಮ್ಮವ್ವ ಚೀಲಕ್ಕೆ ಹಾಕಿಕೊಂಡು ಖಾನಾಪುರದ ಬಸ್ ಹತ್ತಿದಳು. ಕೃಷ್ಣಾಜಿ ಕಾಕಾ ಅವರ ಮನೆಗೇ ಹೋದಳು. ಕೊಟ್ಟವರ ಮುಂದೆ ಡಬ್ಬಿ ಬಿಚ್ಚುವುದು ಸರಿಯಲ್ಲವೆಂದು ಕಾಕಾ ಅವರ ಹೆಂಡತಿ ಸುಹಾಸಿನಿ ಕಾಕು, ಅವ್ವ ಹೊರಟ ಮೇಲೆ, ಸಂಜೆಯ ಆರತಿಗೆ ಅದನ್ನು ಗಣಪತಿಯ ಮುಂದಿಟ್ಟು ಮುಚ್ಚಳ ತೆಗೆದರಂತೆ. ಎರಡು ವಾಲ್ಯೂಮ್, ಒಂದು ಟೋನ್ ನೈವೇದ್ಯವಾಯಿತು. ದೇವರು ಮುಟ್ಟಲಿಲ್ಲ. ಕಾಕಾ ಮಾತ್ರ ಗುರುತು ಹಿಡಿದರು.

ಇತ್ತ ಅವ್ವ ತಿರುಗಿ ಬಂದು, “ಫಳಿ ಮ್ಯಾಲಿನ ಕುಂದಾ ಕೊಟ್ಟು ಬಂದ್ನಿ ನೋಡವಾ,” ಎಂದಾಗ ನಾನು ಖಾಲಿ ಫಳಿಯ ಕೆಳಗೆ ಹೋಗಿ ನಿಂತೆ. ಮರುದಿನ ಬೆಳಿಗ್ಗೆ ಕಾಕಾ ಬಾಗಿಲಲ್ಲಿದ್ದರು, ಕಂಕುಳಲ್ಲಿ ಅದೇ ಡಬ್ಬಿ, ಕೈಯಲ್ಲಿ ತಮ್ಮನ್ನು ಒಯ್ಯಲೆಂದೇ ತಂದ ಖಾಲಿ ಚೀಲ. ನಾನು ಮನಸ್ಸಿನಲ್ಲಿಯೇ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಾಗಿತ್ತು. ಅವರು ತಮ್ಮನ್ನು ತೊಡೆಯ ಮೇಲೆ ಹಾಕಿಕೊಂಡು, ಸ್ಪೀಕರಿನ ವೈರ್ ಚುಚ್ಚಿ, ಮಡಚದ ಬೆರಳಿನಿಂದಲೇ ದಪ್ಪ ತಂತಿಯನ್ನು ಮೀಟಿದರು. ಪಕ್ಕದಲ್ಲಿ ಮಗ್ಗ ಓಡುತ್ತಿತ್ತು. ತಾವು ಗುಂಯ್ ಎನ್ನಲಿಲ್ಲ. ಬಾವಿಯ ತಳದಿಂದ ಬಂದಂಥ, ತುಂಬಿದ, ದುಂಡನೆಯ ಒಂದೇ ಸ್ವರ ಬಂದು, ಕಪಾಟಿನ ಬಾಗಿಲು ಅಲುಗಿ ನಿಂತಿತು. ಕಾಕಾ ಇನ್ನೊಮ್ಮೆ ಮೀಟಿದರು, ಮತ್ತೊಮ್ಮೆ ಮೀಟಿದರು.

ಆಮೇಲೆ ಆ ಖಾಲಿ ಚೀಲ ಖಾಲಿಯಲ್ಲವೆಂದು ತಿಳಿಯಿತು. ಅದರ ತಳದಿಂದ ಅವರು ಇನ್ನೊಂದು ಕುಂದಾ ಡಬ್ಬಿ ತೆಗೆದರು. ಬಣ್ಣ ಹೋದದ್ದು, ಅಂಚು ಸವೆದದ್ದು. “ನೀ ಕಳಿಸಿದ್ದು ನಾ ಎಪ್ಪತ್ತೆಂಟರಾಗ ಹಳೇ ರೇಡಿಯೊದಿಂದ ಕಿತ್ತು ಹಾಕಿದ್ದವ್ವಾ. ಖರೇ ಸಾಮಾನ ಇದರಾಗ ಐತಿ. ಈ ಗಿಟಾರ್ ಕೊಟ್ಟ ಪಣಜಿಯಾಂವ ದುಬೈಕ್ಕ ಹೋಗುವಾಗ, ಹೆಂಗ ಕೊಟ್ಟೇನಿ ಹಂಗ ಇರಬೇಕು ಅಂದಿದ್ದ. ಬರ್ತಾನಂತ ಕಾದೆ, ಬರಲೇ ಇಲ್ಲ.” ಹಾಗಾದರೆ ನನಗೆ ಅಷ್ಟು ಬಿಗಿ ಕರಾರು ಯಾಕೆಂದು ನನ್ನ ಬಾಯಿಂದ ಪ್ರಶ್ನೆ ಬಂದೇಬಿಟ್ಟಿತು. “ನೀ ಬಿಚ್ಚಿದ್ರ ನನ್ನ ಕಳವು ಹೊರಗ ಬೀಳ್ತಿತ್ತಲ್ಲ, ಹುಚ್ಚಿ!” ಎಂದರು ಕಾಕಾ.

ಮಾನ್ಯರೇ, ಇದು ನನ್ನ ಎರಡನೆಯ ಮತ್ತು ದೊಡ್ಡ ದೂರು. ಇಪ್ಪತ್ತೆರಡು ವರ್ಷ ರೇಡಿಯೊ ಹೊಟ್ಟೆಯಲ್ಲಿಟ್ಟುಕೊಂಡು ದಿನಕ್ಕೊಂದು ಸಲ ಉಳ್ಳಾಗಡ್ಡಿ ದರ ಹೇಳಿದ ತಾವು, ಈ ಒಂದು ಸಂಗತಿಯನ್ನು ಮಾತ್ರ ಹೇಳಲಿಲ್ಲ. ಇನ್ನು ಮುಂದಾದರೂ ತಮ್ಮ ಸ್ವಂತ ದನಿ ಯಾವುದೆಂದು ಛಾಪಾ ಕಾಗದದ ಮೇಲೆ ಬರೆದುಕೊಡಬೇಕು, ಪಣಜಿಯ ಮಾಲೀಕರು ಎಂದಾದರೂ ಬಂದರೆ ಎರಡೂ ತಲೆಮಾರಿನ ತಪ್ಪನ್ನು ಇರುವೆಗಳ ಮೇಲೆ ಹಾಕಬೇಕು ಎಂದು ವಿನಂತಿ. ಕಾಕಾ ಎರಡೂ ಡಬ್ಬಿಗಳನ್ನು ನಮ್ಮ ಫಳಿಯ ಮೇಲಿಟ್ಟು, ತಮ್ಮನ್ನು ಇಲ್ಲಿಯೇ ಬಿಟ್ಟು, ಚೀಲದಲ್ಲಿ ನಿಜವಾದ ಒಂದು ಕಿಲೋ ಕುಂದಾ ಹಾಕಿಕೊಂಡು ಬಸ್ಸಿಗೆ ಹೋದರು.

ಮೊನ್ನೆ ಏಳನೇ ದಿನದ ಕಾರ್ಯಕ್ರಮದಲ್ಲಿ ನಾವಿಬ್ಬರೂ ಹಿಂದಿನ ಸಾಲಿನಲ್ಲಿ, ಡ್ರಮ್ಮಿನ ಮರೆಯಲ್ಲಿ ನಿಂತಿದ್ದೆವು. ಕೊನೆಯವರೆಗೂ ಒಬ್ಬರೂ ನಮ್ಮತ್ತ ತಿರುಗಿ ನೋಡಲಿಲ್ಲ. ಇದಕ್ಕಾಗಿ ತಮಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ.

ತಮ್ಮ ವಿಶ್ವಾಸಿ, ತಮ್ಮ ಬೆನ್ನ ಹಿಂದೆ ಅಡಗಿ ನಿಲ್ಲುವ,
ಪ್ರಮಿಳಾ

ತಾ.ಕ.: ಅಂದು ವೇದಿಕೆಯಲ್ಲಿ ಉಳ್ಳಾಗಡ್ಡಿ ದರ ಕೇಳಿಸಿದ್ದು ತಮ್ಮಿಂದಲ್ಲ, ಅಜಿಂಕ್ಯನ ಕೀಬೋರ್ಡಿನಿಂದ. ಅದರ ರಿಪೇರಿಗೆ ಬಂಡೆಪ್ಪನವರಿಗೆ ಒಂದು ಖಾಲಿ ಕುಂದಾ ಡಬ್ಬಿ ಬೇಕಂತೆ, ಕಳಿಸಿದ್ದೇನೆ. ದಾರ ಕಟ್ಟಿ ಎಲ್ಲಿಡಬೇಕೆಂಬುದನ್ನು ಮಾತ್ರ ಅವರಿಗೆ ಹೇಳಿಲ್ಲ.