ಭಾಲ್ಕಿಗೆ ಹೊರಟ ಹಿರಿಯರು ಔರಾದಿನಲ್ಲಿ

ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವನಿಗೆ ಇಬ್ಬರು ಹುಡುಗರನ್ನು ಬೀದರದಿಂದ ಭಾಲ್ಕಿಗೆ ಕರೆದೊಯ್ಯುವುದು ಒಂದು ಕೆಲಸವೇ? ನನಗದು ಹಲ್ಲುಜ್ಜಿದಷ್ಟೇ ಸಲೀಸು. ಹಾಗೆಂದು ಓಣಿಯ ನಾಲ್ಕು ಜನರ ಮುಂದೆ ಹೇಳಿಯೂ ಬಿಟ್ಟೆ. ಅಲ್ಲಿಗೆ ಫಜೀತಿ ಶುರುವಾಯಿತು.

ಆ ಹುಡುಗರು ನಮ್ಮ ಮಾಳಿಗೆಯ ಖೋಲಿಯಲ್ಲಿ ಬಾಡಿಗೆಗಿದ್ದರು. ಮಾರ್ಮನ್ ಪಂಥದವರು. ಎರಡು ವರ್ಷ ಮನೆಮಾರು ಬಿಟ್ಟು ತಮ್ಮ ಸಭೆಯ ಸೇವೆಗೆ ಬಂದವರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಕರಿ ಪಟ್ಟಿ. ಹೆಸರಿನ ಮುಂದೆ 'ಎಲ್ಡರ್', ಅಂದರೆ ಹಿರಿಯರು. ವಯಸ್ಸು ಹತ್ತೊಂಬತ್ತು! ಒಬ್ಬ ರಾಜಮಂಡ್ರಿಯ ಎಲ್ಡರ್ ಪ್ರಸಾದ, ಕಡ್ಡಿಯಂಥವನು. ಇನ್ನೊಬ್ಬ ಸಮುದ್ರದ ನಡುವಿನ ಟೊಂಗಾ ದೇಶದ ಎಲ್ಡರ್ ಫಿಫಿಟಾ. ಅವನು ಮೆಟ್ಟಿಲು ಹತ್ತಿದರೆ ನಮ್ಮ ಅಡಿಗೆಮನೆಯ ತಾಟುಗಳು ಮಾತಾಡುತ್ತಿದ್ದವು. ಬಂದು ಒಂದೇ ತಿಂಗಳಾಗಿದ್ದರಿಂದ ಅವನ ಕನ್ನಡ ನಾಲ್ಕೇ ಶಬ್ದ: ನಮಸ್ಕಾರ, ಊಟ, ಬ್ಯಾಡ, ಚಲೋ.

ಇಬ್ಬರೂ ಚಾ ಕುಡಿಯುವುದಿಲ್ಲ. ಅದು ಅವರ ನೇಮ. ಇನ್ನೊಂದು ನೇಮ ಇನ್ನೂ ಬಿಗಿ: ಇಬ್ಬರೂ ಸದಾ ಜೊತೆಗಿರಬೇಕು. ಬಚ್ಚಲಿಗೆ ಹೋಗುವಾಗ ಮಾತ್ರ ರಿಯಾಯಿತಿ.

ಭಾಲ್ಕಿಯಲ್ಲಿ ಅವರ ಸಭೆಯ ಮುದುಕಿಯೊಬ್ಬಳು ಬಿದ್ದು ಕಾಲು ಮುರಿದುಕೊಂಡಿದ್ದಳು. ಅವಳನ್ನು ನೋಡಿ, ಮನೆಗೆಲಸ ಮಾಡಿಕೊಟ್ಟು ಬರಬೇಕೆಂದು ಇಬ್ಬರೂ ಹೊರಟರು. "ನಾನೂ ಬರ್ತೇನಿ" ಎಂದೆ.

"ನೀವ್ಯಾಕ್ರಿ? ಅವ್ರು ಕೇಳ್ಕೋತ ಹೋಗ್ತಾರ," ಎಂದಳು ನನ್ನ ಹೆಂಡತಿ ಸುಜಾತಾ.

"ಏ, ಬೀದರ ಬಸ್ ಸ್ಟ್ಯಾಂಡಿನ್ಯಾಗ ನಾ ಕಣ್ಣ ಮುಚ್ಚಿ ಅಡ್ಡಾಡ್ತೇನಿ!"

ನಿಜಕ್ಕೂ ಕಣ್ಣು ಮುಚ್ಚಿದಂತೆಯೇ ಅಡ್ಡಾಡಿದೆ. ಕನ್ನಡಕ, ನಮ್ಮ ಮಾತಿನಲ್ಲಿ ಚಾಳೀಸು, ಜೇಬಿನಲ್ಲಿತ್ತು. ನನ್ನ ಕಾಲದಲ್ಲಿ ಭಾಲ್ಕಿ ಬಸ್ಸು ನಿಲ್ಲುತ್ತಿದ್ದ ಜಾಗದಲ್ಲೇ ಒಂದು ಬಸ್ಸು ನಿಂತಿತ್ತು. ಬೋರ್ಡು ಓದುವುದು ಹೊಸಬರ ಕೆಲಸ. ನಾನು ಓದಲಿಲ್ಲ. ಜನ ಬಾಗಿಲಿಗೆ ಮುಗಿಬಿದ್ದಿದ್ದರು. ಫಿಫಿಟಾನ ಕೈಗೆ ನನ್ನ ಟವೆಲ್ ಕೊಟ್ಟು, ಮೂರು ಬೆರಳು ತೋರಿಸಿ, ಹಿಂದಿನಿಂದ ನೂಕಿದೆ. ಹುಡುಗ ಜನರನ್ನು ಸೀಳಿಕೊಂಡು ಒಳಗೆ ಹೋಗಿ, ಕಿಟಕಿಯಿಂದ ಟವೆಲ್ ಬೀಸಿ "ಚಲೋ!" ಎಂದ. ಮೂರು ಸೀಟು ಸಿಕ್ಕಿದ್ದವು.

ಮುದುಕಿಗೆ ಬಾಳೆಹಣ್ಣು ಒಯ್ಯೋಣವೆಂದು ಪ್ರಸಾದನನ್ನು ಕರೆದುಕೊಂಡು ಹಣ್ಣಿನ ತಳ್ಳುಗಾಡಿಯ ಹತ್ತಿರ ಹೋದೆ. "ಕಾಕಾ, ಬಸ್ ಹೋದ್ರೆ?" ಎಂದ.

"ನಾ ಇರಲಾರ್ದ ಹ್ಯಾಂಗ ಹೋಗ್ತದ?"

ಹೋಯಿತು!

ಪ್ರಸಾದನ ಮುಖ ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿತು. "ಕಾಕಾ, ನಾವು ಬೇರೆ ಆಗಬಾರದು. ಫೋನೂ ನನ್ ಹತ್ರ ಇದೆ. ನಮ್ಮ ದೊಡ್ಡವರಿಗೆ ಏನು ಹೇಳಲಿ? ಮನೆಗೆ ಕಳಿಸಿದರೆ?"

"ಗಾಬರಿ ಆಗಬ್ಯಾಡ. ಹಿಂದಿನ ಬಸ್ಸಿಗೇ ಹೋಗಿ ಭಾಲ್ಕ್ಯಾಗ ಹಿಡೀತೇನಿ."

ಹಿಂದೆಯೇ ಬಂದ ಭಾಲ್ಕಿ ಬಸ್ಸು ಹತ್ತಿದೆವು. ಹಲಬರ್ಗಾ ದಾಟುವವರೆಗೂ ನಾನು ಸೀಟಿನಲ್ಲಿ ಕೂರಲಿಲ್ಲ. ಡ್ರೈವರನ ಬೆನ್ನ ಹಿಂದೆ ನಿಂತು ಮುಂದಿನ ಬಸ್ಸಿಗಾಗಿ ಇಣುಕುತ್ತಿದ್ದೆ. "ಜರಾ ಎಕ್ಸಿಲೇಟರ್ ಒತ್ರಿ," ಎಂದರೆ ಅವನು, "ಕಾಕಾ, ನೀವೇ ಬಂದು ಒತ್ತತೀರೇನು?" ಎಂದ. ಪ್ರಸಾದ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದ. ಬಾಳೆಹಣ್ಣು ಅವನ ತೊಡೆಯ ಮೇಲೆ ನುಜ್ಜಾಗುತ್ತಿದ್ದವು.

ಭಾಲ್ಕಿಯಲ್ಲಿ ಫಿಫಿಟಾ ಇರಲಿಲ್ಲ. ಅಷ್ಟು ದೊಡ್ಡ ಹುಡುಗ ಕಾಣದಿರಲು ಸಾಧ್ಯವೇ ಇಲ್ಲ. ಆದರೂ ನಾನು ಬೆಂಚುಗಳ ಕೆಳಗೆ ಕೂಡ ನೋಡಿದೆ! ಕೊನೆಗೆ ವಿಚಾರಣೆಯ ಕಿಟಕಿಯಲ್ಲಿ ಕೇಳಿದೆ. ಒಳಗಿನವನು ನನ್ನನ್ನು ಗುರುತಿಸಿದ.

"ನೀವು ಹೇಳೋ ಜಾಗಾದಾಗ ಈಗ ಔರಾದ ಬಸ್ ನಿಂದ್ರತದಲ್ರಿ. ವರ್ಷ ಆಯ್ತು. ನಿಮಗ ಗೊತ್ತಿಲ್ಲೇನ್ರಿ?"

ನನಗೆ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷದ ಸೇವೆ ಒಂದು ಉಸಿರಿನಲ್ಲಿ ಹೋಯಿತು.

ಅಷ್ಟರಲ್ಲಿ ಸುಜಾತಾಳ ಫೋನು. ಮುಚ್ಚಿಡಲು ನೋಡಿದೆ, ಎರಡೇ ಪ್ರಶ್ನೆಗೆ ಎಲ್ಲ ಬಾಯಿಬಿಡಿಸಿದಳು.

"ಪರದೇಶಿ ಹುಡುಗನ್ನ ಔರಾದಿಗಿ ಕಳಿಸೀರಿ? ಸೋಮವಾರಕ್ಕೊಮ್ಮೆ ಅವರವ್ವ ವಿಡಿಯೋದಾಗ ಬಂದು ನನಗ ಕೈ ಮುಗಿತಾಳ. ಈ ಸೋಮವಾರ ನಾ ಏನಂತ ಹೇಳ್ಲಿ? ಟವೆಲ್ ಕೊಟ್ಟು ಕಳಿಸೇವಿ ಅಂತ ಹೇಳ್ಲೇನು?"

ಅವನು ಎಲ್ಲಿಳಿದಿರಬಹುದು? ಭಾಲ್ಕಿ ಬಂತೆಂದು ನಡುದಾರಿಯ ಯಾವುದೋ ಹಳ್ಳಿಯಲ್ಲಿ ಇಳಿದು ಹೊಲದೊಳಗೆ ನಡೆದಿದ್ದರೆ? ಆಗ ಔರಾದ ಸ್ಟ್ಯಾಂಡಿನ ಎದುರು ಚಾ ಹೋಟೆಲ್ ಇಟ್ಟಿರುವ ಹಳೆಯ ಗೆಳೆಯ ಮಹೆಬೂಬ ನೆನಪಾದ. ಕೂಡಲೇ ಫೋನು ಹಚ್ಚಿದೆ.

"ಮಹೆಬೂಬ! ಬಿಳಿ ಅಂಗಿ, ಟೈ, ಆನಿಯಂಥ ಹುಡುಗ ಬೀದರ ಬಸ್ಸಿಗಿ ಬರ್ತಾನ. ಹಿಡಿ! ಹೋಗಗೊಡಬ್ಯಾಡ! ಅಂವ..."

ಫೋನಿನ ಚಾರ್ಜು ಮುಗಿಯಿತು. ಮಹೆಬೂಬನ ನಂಬರು ಅದರೊಳಗೇ ಇತ್ತು.

ಭಾಲ್ಕಿಯಿಂದ ಔರಾದಿನ ದಾರಿಯಲ್ಲಿ ನಾನು ಎಷ್ಟು ಸಲ ಎದ್ದು ಕೂತೆನೆಂದರೆ, ಪಕ್ಕದ ಮುದುಕಪ್ಪ "ಮೂಲವ್ಯಾಧಿ ಏನ್ರಿ?" ಎಂದು ಕನಿಕರದಿಂದ ಕೇಳಿದ. ಹೌದೆಂದೆ. ನಿಜ ಹೇಳುವುದಕ್ಕಿಂತ ಅದೇ ಮರ್ಯಾದೆಯದಾಗಿತ್ತು! ಪ್ರಸಾದ ಮಾತ್ರ ತನ್ನ ಮೇಲಿನವರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ. ತಪ್ಪು ತನ್ನದೆಂದೇ ಹೇಳಿದ. ನನ್ನ ಹೆಸರನ್ನೇ ಎತ್ತಲಿಲ್ಲ. ಅದನ್ನು ಕೇಳಿ ನಾನು ಇನ್ನಷ್ಟು ಕುಗ್ಗಿದೆ.

ಔರಾದ. ಮಹೆಬೂಬನ ಹೋಟೆಲಿನ ಮುಂದೆ ಜಾತ್ರೆಯಷ್ಟು ಜನ. ನಡುವೆ ಕುರ್ಚಿಯಲ್ಲಿ ಫಿಫಿಟಾ, ಸುತ್ತ ಆರು ಜನ ಕಾವಲು. ಒಬ್ಬನ ಕೈಯಲ್ಲಿ ಬಡಿಗೆ!

"ಕಂಡಕ್ಟರ್ ಸಾಬ್, ಹಿಡದೇವಿ ನೋಡ್ರಿ!" ಮಹೆಬೂಬ ಎದೆಯುಬ್ಬಿಸಿದ. "ಏನ್ ಕಳವು ಮಾಡ್ಯಾನ್ರಿ? ಮೊದ್ಲೇ ಶಕ್ ಬಂದಿತ್ತು. ನಾಕ ಸಲ ಚಾಯ್ ಕೊಟ್ಟೆ, ನಾಕೂ ಸಲ ಬ್ಯಾಡ ಅಂದ. ಚಾಯ್ ಬ್ಯಾಡ ಅನ್ನೋ ಮನಷ್ಯಾ ಸೀದಾ ಇರ್ತಾನೇನ್ರಿ?"

"ಅಯ್ಯ, ಕಳ್ಳಲ್ಲೋ! ನಮ್ಮನಿ ಹುಡುಗ! ನಾನಽ ತಪ್ಪು ಬಸ್ ಹತ್ತಿಸೇನಿ!"

ಬಡಿಗೆ ಬೆನ್ನ ಹಿಂದೆ ಹೋಯಿತು. ಆಮೇಲೆ ಎಲ್ಲರೂ ಫಿಫಿಟಾನನ್ನು ಬಿಟ್ಟು ನನ್ನನ್ನು ನೋಡತೊಡಗಿದರು.

ಮಹೆಬೂಬ ನಾಚಿ, "ಬೇಟಾ, ಮಾಫ್ ಮಾಡು," ಎಂದು ತಟ್ಟೆ ತುಂಬ ಮಿರ್ಚಿ ಭಜಿ ತಂದ. ಫಿಫಿಟಾ ಅದರಲ್ಲಿ ಅರ್ಧವನ್ನು ತನ್ನ ಕಾವಲುಗಾರರಿಗೇ ಹಂಚಿದ. ಬಸ್ಸಿನಲ್ಲಿ ಕಂಡಕ್ಟರ್ ಏನು ಕೇಳಿದರೂ 'ಚಲೋ' ಎಂದು ಕೊನೆಯ ಸ್ಟಾಪಿನವರೆಗೆ ಬಂದಿದ್ದನಂತೆ. ತನ್ನನ್ನು ಹಿಡಿದು ಕೂರಿಸಿದ್ದಾರೆಂದು ಅವನಿಗೆ ಗೊತ್ತೇ ಇರಲಿಲ್ಲ. ಊರಿನವರೆಲ್ಲ ಬಂದು ಕೂತು ಮಾತಾಡಿಸುತ್ತಿದ್ದಾರೆಂದು ಖುಷಿಯಾಗಿದ್ದನಂತೆ! ಪ್ರಸಾದ ಓಡಿಹೋಗಿ ಅವನನ್ನು ತಬ್ಬಿಕೊಂಡು ಅತ್ತ. ನನಗೂ ಕಣ್ಣು ತುಂಬಿತು, ಭಜಿಯ ಖಾರವೆಂದೆ.

ಭಾಲ್ಕಿಯ ಮುದುಕಿಗೆ ನಾಳೆ ಬರುತ್ತೇವೆಂದು ಪ್ರಸಾದ ಫೋನು ಮಾಡಿದ ಮೇಲೆ, ಸಂಜೆಗೆ ಮೊದಲು ಬೀದರದ ಬಸ್ಸು ಹತ್ತಿದೆವು. ಕಂಡಕ್ಟರ್ ಒಬ್ಬ ಹುಡುಗಿ. "ಎಲ್ಲಿಗ್ರಿ?" ಎಂದಳು. ಹಿರಿಯ ಕಂಡಕ್ಟರನೆಂದು ಪರಿಚಯ ಹೇಳಿಕೊಳ್ಳಲು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಫಿಫಿಟಾ, ಔರಾದಿನಲ್ಲಿ ನಾಲ್ಕು ತಾಸು ಕೂತು ಕಲಿತ ಕನ್ನಡವನ್ನೆಲ್ಲ ಒಟ್ಟುಗೂಡಿಸಿ, ಅವಳತ್ತ ಬಗ್ಗಿ ಮೆಲ್ಲಗೆ ಹೇಳಿದ:

"ಮೂರು ಬೀದರ್ರಿ. ಕಾಕಾಗ ಗೊತ್ತಾಗಲ್ರಿ. ಬೀದರ ಬಂದ್ರ ಹೇಳ್ರಿ, ನಾ ಇಳಸ್ತೇನಿ."

ಅವಳು ನನ್ನನ್ನು ಮರುಕದಿಂದ ನೋಡಿ, ಕಿಟಕಿಯ ಪಕ್ಕದವನಿಗೆ, "ಏಳ್ರಿ, ಅಜ್ಜಾಗ ಜಾಗಾ ಬಿಡ್ರಿ," ಎಂದಳು.

ನಾನು ಜೇಬಿನಿಂದ ಚಾಳೀಸು ತೆಗೆದು ಹಾಕಿಕೊಂಡು ಕೂತೆ.